ತಪಾಸಣೆಗೆ ತುಂಬಿದ ಕೋಣೆ

ಜೂನ್ 2, ಸೋಮವಾರ. ಬೆಳಿಗ್ಗೆ

ಖಜಾಂಚಿಗಳು ವಾಟ್ಸಾಪ್ ಗುಂಪಿನಲ್ಲಿ ಹಾಕಿರುವ ವರದಿ ತಪ್ಪು. "ಸಮುದಾಯ ನಿಧಿಯವರಿಂದ ನಮ್ಮ ಕೇಂದ್ರಕ್ಕೆ ಗ್ರಾಂಟ್ ಮಂಜೂರಾಗಿದೆ, ಸರ್ವರಿಗೂ ಅಭಿನಂದನೆಗಳು" ಎಂದು ಬರೆದು ಕೆಳಗೆ ಹೂಗುಚ್ಛ ಅಂಟಿಸಿದ್ದಾರೆ. ಮಂಜೂರಾಗಿಲ್ಲ. ಶನಿವಾರ ನಿಧಿಯಿಂದ ಒಬ್ಬಾಕೆ ಫೋನ್ ಮಾಡಿ, ಒಮ್ಮೆ ಬಂದು ನೋಡುತ್ತೇನೆ ಎಂದಳು. ಅಷ್ಟೆ. ನೋಡುವುದು ಬೇರೆ, ಕೊಡುವುದು ಬೇರೆ. ಆಯುಷ್ಯವೆಲ್ಲ ಬ್ಯಾಂಕಿನಲ್ಲಿ ಕಳೆದವರಿಗೆ ಇಷ್ಟು ತಿಳಿಯದಿದ್ದರೆ... ಎರಡನೆಯ ತಪ್ಪು: ಆಕೆ ಮಾತನಾಡಿದ್ದು ನನ್ನೊಡನೆ, ಅವರೊಡನೆ ಅಲ್ಲ. ತಿದ್ದುಪಡಿ ಹಾಕಿದೆ. ಅದಕ್ಕೂ ಇಬ್ಬರು ಹೆಬ್ಬೆರಳು ಎತ್ತಿದ್ದಾರೆ. ಅಭಿನಂದನೆಗೂ ಅವರೇ ಎತ್ತಿದ್ದರು.

ಈ ನಿಧಿಯದು ವಿಚಿತ್ರ ಕ್ರಮ. ಊರಿನ ಅನುಕೂಲಸ್ಥರಿಂದ ಹಣ ಕೂಡಿಸಿ ಊರಿನ ಸಣ್ಣ ಸಂಸ್ಥೆಗಳಿಗೆ ಹಂಚುತ್ತಾರೆ — ಅದು ಸರಿ. ಆದರೆ ಯಾವ ಬಾಬತ್ತಿಗೆ ಎಂದು ಕೇಳುವುದಿಲ್ಲವಂತೆ. ಬಾಡಿಗೆ, ಸಂಬಳ, ವಿದ್ಯುತ್ ಬಿಲ್ಲು, ಏನಾದರೂ ಸರಿ. ಅರ್ಜಿಯಲ್ಲಿ ಒಂದು ಕಾಲಂ ಕೂಡ ಇಲ್ಲ. "ನಿಮಗೇನು ಬೇಕೋ ನಿಮ್ಮ ಮಾತಲ್ಲಿ ಹೇಳಿ." ಪ್ರಶ್ನೆಗಳಿಲ್ಲದ ಪ್ರಶ್ನೆಪತ್ರಿಕೆ! ಅಂಕ ಕೊಡುವುದು ಹೇಗೆ, ತೆಗೆಯುವುದು ಹೇಗೆ?

ಆದರೂ ಬಿಡುವಂತಿಲ್ಲ. ನಮ್ಮದು ಔಷಧಿ ಅಂಗಡಿಯ ಹಿಂದಿನ ಒಂದು ಕೋಣೆ. ಗಾಲಿಕುರ್ಚಿ, ವಾಕರ್, ಊರುಗೋಲು, ಮಡಚುವ ಮಂಚ — ಬೇಕಾದವರಿಗೆ ಬೇಕಾದಷ್ಟು ಕಾಲ ಪುಕ್ಕಟೆ ಕೊಡುತ್ತೇವೆ. ಹಿಂದಿರುಗಿದರೆ ದುರಸ್ತಿ ಮಾಡಿ ಮುಂದಿನವರಿಗೆ. ದಾನಿಗಳಿಗೆ ಕೊರತೆಯಿಲ್ಲ. ಎಲ್ಲರೂ ಕುರ್ಚಿ ಕೊಟ್ಟು, ಬೆನ್ನಿಗೆ ಹೆಸರು ಬರೆಸಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಆ ಕುರ್ಚಿಯ ಚಕ್ರಕ್ಕೆ ಟ್ಯೂಬು ಹಾಕಿಸಲು ಯಾರೂ ಕೊಡುವುದಿಲ್ಲ. ಟ್ಯೂಬಿನ ಮೇಲೆ ಹೆಸರು ಬರೆಯಲು ಬರುವುದಿಲ್ಲವಲ್ಲ.

ಔಷಧಿ ಅಂಗಡಿಯವರು ನಿನ್ನೆ ಬಹಳ ವಿನಯದಿಂದ ಹೇಳಿದರು: "ಮೇಡಂ, ಬೇಜಾರ್ ಮಾಡ್ಕೋಬೇಡಿ. ಬಾಡಿಗೆಗೆ ಒಂದು ದಾರಿ ಆಗದೇ ಇದ್ರೆ ಈ ತಿಂಗಳ ಕೊನೆಗೆ ರೂಮು ಬಿಟ್ಕೊಡಿ. ನನಗೂ ಗೋಡೌನ್ ಬೇಕಲ್ವಾ." ವಿನಯವಂತರೊಡನೆ ಜಗಳವಾಡುವುದು ಎಷ್ಟು ಕಷ್ಟ.

ಜೂನ್ 4, ಬುಧವಾರ

ಖಜಾಂಚಿಗಳಿಗೆ ಹೊಸ ಹುಚ್ಚು. "ಮೇಡಂ, ಬಾಡಿಗೆ ಕೊಡಿ ಅಂತ ಕೇಳಿದ್ರೆ ಮರ್ಯಾದೆ ಇರುತ್ತಾ? ಒಂದು ಪ್ರಾಜೆಕ್ಟ್ ಹೆಸರು ಇಡೋಣ. 'ಚಲನಶೀಲತೆ ಮತ್ತು ಸಬಲೀಕರಣ' ಅಂತ. ಒಳಗೆ ಬಾಡಿಗೆ ಸೇರಿಸಿಬಿಡೋಣ."

"ಸುಳ್ಳು ಹೇಳಲು ಇಷ್ಟು ಉದ್ದದ ಶಬ್ದಗಳು ಬೇಕೆ?" ಎಂದೆ.

"ಸುಳ್ಳಲ್ಲ ಮೇಡಂ. ಪ್ರೆಸೆಂಟೇಶನ್ನು."

ಮಧ್ಯಾಹ್ನ ನಿಧಿಯ ಹುಡುಗಿ ಫೋನ್ ಮಾಡಿದಳು. ಮೂವತ್ತೈದು ದಾಟಿರಬಹುದು, ನನಗೆ ಎಲ್ಲರೂ ಹುಡುಗಿಯರೇ. ಮಂಗಳವಾರ ಬರುತ್ತಾಳಂತೆ. ಏನೇನು ಸಿದ್ಧವಾಗಿರಬೇಕು ಎಂದು ಕೇಳಿದೆ. "ಅಯ್ಯೋ, ಏನೂ ಬೇಡ ಮೇಡಂ. ದಿನಾ ಹೇಗಿರುತ್ತೋ ಹಾಗೇ ಇರಲಿ. ಸುಮ್ನೆ ನೋಡ್ಕೊಂಡು ಹೋಗ್ತೀನಿ."

ಇಂಥ ಮಾತು ನನಗೆ ಹೊಸದಲ್ಲ. ಸೇವೆಯಲ್ಲಿದ್ದಾಗ "ಸುಮ್ಮನೆ ಬರುತ್ತೇನೆ" ಎಂದ ಇನ್‌ಸ್ಪೆಕ್ಟರರೇ ಬೆಂಚಿನ ಅಡಿ ಕೈಯಾಡಿಸಿ ನೋಡುತ್ತಿದ್ದರು. ತಪಾಸಣೆಗೆ ಮೊದಲು ನಾವು ಮಾಡುತ್ತಿದ್ದ ಮೊದಲ ಕೆಲಸ ಯಾವುದು? ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಮಕ್ಕಳಿಂದ ಹಿಂದಕ್ಕೆ ತರಿಸಿ ಸಾಲಾಗಿ ಜೋಡಿಸುವುದು. ಇಲ್ಲಿಯೂ ಅದೇ. ಸಂಸ್ಥೆಯ ಆಸ್ತಿ ಸಂಸ್ಥೆಯಲ್ಲಿ ಕಾಣಿಸಬೇಕು. ಒಂದೇ ದಿನದ ಮಾತು.

ಆಶ್ಚರ್ಯ — ಖಜಾಂಚಿಗಳು ಮೊದಲ ಬಾರಿಗೆ ನನ್ನನ್ನು ಒಪ್ಪಿದರು. ಅದೇ ಒಂದು ಅನುಮಾನ.

ಜೂನ್ 7, ಶನಿವಾರ

ದಿನವಿಡೀ ಫೋನ್. ಸೋಮವಾರ ತಂದುಕೊಡಿ, ಬುಧವಾರ ಬೆಳಿಗ್ಗೆ ಒಯ್ಯಿರಿ ಎಂಬ ಒಂದು ಸರಳ ವಾಕ್ಯವನ್ನು ಅರ್ಥಮಾಡಿಸಲು ಎಷ್ಟು ಗಂಟಲು ಒಣಗಿಸಿಕೊಳ್ಳಬೇಕು! ಶಾಲಾ ಬಸ್ಸಿನ ಡ್ರೈವರ್, ಕಾಲು ಮುರಿದುಕೊಂಡವನು, "ಟೀಚರ್, ಊರುಗೋಲು ನಿಮಗೆ ಕೊಟ್ಟು ನಾನು ಹೇಗೆ ವಾಪಸ್ ಮನೆಗೆ ಹೋಗ್ಲಿ?" ಎಂದ. ನನ್ನ ಹಳೆಯ ವಿದ್ಯಾರ್ಥಿ. ಆಗಲೂ ಹೀಗೆಯೇ ಅಡ್ಡಪ್ರಶ್ನೆ ಹಾಕುತ್ತಿದ್ದ. ಅಣ್ಣನ ಕೈಯಲ್ಲಿ ಕಳಿಸು ಎಂದೆ.

ಮನೆಯಲ್ಲಿಯೂ ರಾಮಾಯಣ. ಸೊಂಟದ ಶಸ್ತ್ರಚಿಕಿತ್ಸೆಯಾದಂದಿನಿಂದ ತಂಗಿ ನನ್ನಲ್ಲಿಯೇ ಇದ್ದಾಳೆ. ಅವಳು ಹಿಡಿದು ನಡೆಯುವ ವಾಕರ್ ಕೇಂದ್ರದ್ದು.

"ನನ್ನ ವಾಕರ್ ಕೂಡಾನಾ?"

"ನಿನ್ನದಲ್ಲ. ಕೇಂದ್ರದ್ದು. ನಿಯಮ ಮೊದಲು ನಮ್ಮ ಮನೆಗೆ."

"ಹೌದಾ? ಸೊಂಟ ಮಾತ್ರ ನಂದೇ ಅಲ್ವಾ ಅಕ್ಕಾ? ಅದನ್ನೂ ಬಿಚ್ಕೊಂಡು ಹೋಗಿ ಒರೆಸಿ ಇಟ್ಟುಬಿಡು. ಸಾಲು ಚೆನ್ನಾಗಿ ಕಾಣುತ್ತೆ."

ಹಾಸ್ಯ ಮಾಡುವವರಿಗೆ ಉತ್ತರ ಕೊಟ್ಟರೆ ಹೆಚ್ಚಾಗುತ್ತದೆ.

ಜೂನ್ 9, ಸೋಮವಾರ. ಸಂಜೆ

ಎಲ್ಲವೂ ಬಂದವು. ನಿವೃತ್ತ ಅಂಚೆಯವರು ಹೆಂಡತಿಯ ಗಾಲಿಕುರ್ಚಿಯನ್ನು ಖಾಲಿಯಾಗಿ ತಳ್ಳಿಕೊಂಡು ತಾವೇ ಬಂದರು. ಬಾಗಿಲಲ್ಲಿ ತಡೆದು ನಿಂತರು.

"ನಾಳೆ ಆಸ್ಪತ್ರೇಲಿ ಇವಳ ಕಾಲಿನ ವ್ಯಾಯಾಮದ ದಿನ ಇತ್ತು ಟೀಚರ್. ತಪ್ಪಿದ್ರೆ ಮತ್ತೆ ತಿಂಗಳ ಕೊನೇಗೇ ಸಿಗೋದು."

"ಒಂದು ದಿನದ ಮಾತಲ್ಲವೆ? ಆಸ್ಪತ್ರೆಯವರಿಗೆ ಹೇಳಿ ನೋಡಿ."

"ಹೇಳ್ದೆ. ಆಗಲ್ಲ ಅಂದ್ರು." ಆಮೇಲೆ, ನೆಲ ನೋಡುತ್ತ, "ಅವಳು ಒಂದು ಮಾತು ಹೇಳು ಅಂದಿದಾಳೆ. ಹೇಳ್ಲಾ?"

"ಹೇಳಿ."

"'ನಾನು ಲೈಬ್ರರಿ ಪುಸ್ತಕ ಅಲ್ಲ ಅಂತ ಟೀಚರಿಗೆ ಹೇಳು' ಅಂದ್ಲು."

ಕುರ್ಚಿ ಬಿಟ್ಟು, ಕೈ ಬೀಸಿಕೊಂಡು ಹೊರಟುಹೋದರು. ಕೂಡಲೇ ಕರೆದು ಕೊಟ್ಟುಬಿಡಬಹುದಿತ್ತು. ಕರೆಯಲಿಲ್ಲ. ಒಂದು ಕುರ್ಚಿ ಕಡಿಮೆಯಾದರೆ ಸಾಲು ಓರೆಯಾಗುತ್ತಿತ್ತು ಎಂದು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಆದರೆ ಬರೆದಾಯಿತು.

ರಿಪೇರಿಯವನು — ಎಲ್ಲರೂ ಸ್ಪ್ಯಾನರ್ ಎಂದೇ ಕರೆಯುತ್ತಾರೆ — ಮಧ್ಯಾಹ್ನದಿಂದ ಒರೆಸಿ ಎಣ್ಣೆ ಹಾಕಿದ. ಕೆಲಸಕ್ಕಿಂತ ಬಾಯಿ ಹೆಚ್ಚು. "ಶೋರೂಮ್ ಥರ ಆಯ್ತು ಮೇಡಂ! ಬೆಲೆ ಚೀಟಿ ಅಂಟಿಸೋದೊಂದು ಬಾಕಿ." ನಾನೂ ನಿಂತು ನೋಡಿದೆ. ಹೌದು. ಚೆನ್ನಾಗಿತ್ತು.

ಜೂನ್ 10, ಮಂಗಳವಾರ

ಮುಗಿಯಿತು. ಅರ್ಧ ಗಂಟೆ ಕೂಡ ಆಗಲಿಲ್ಲ.

ಹುಡುಗಿ ಬಟ್ಟೆ ಚೀಲ ನೇತುಹಾಕಿಕೊಂಡು ಬಂದಳು. ನೋಡಿದಳು. ಗಾಲಿಕುರ್ಚಿಗಳ ಸಾಲು, ವಾಕರ್‌ಗಳ ಸಾಲು, ಗೋಡೆಗೆ ಒರಗಿದ ಊರುಗೋಲುಗಳು, ಎತ್ತರಕ್ಕೆ ತಕ್ಕ ಹಾಗೆ, ಪ್ರಾರ್ಥನೆಗೆ ನಿಂತ ಮಕ್ಕಳಂತೆ. ಒಂದು ಚಕ್ರವನ್ನು ಮುಟ್ಟಿ ತಿರುಗಿಸಿದಳು. ಸದ್ದಿಲ್ಲದೆ ತಿರುಗಿತು.

"ಇಷ್ಟೊಂದು ಇದೆಯಲ್ಲ ಮೇಡಂ... ಯಾರೂ ತಗೊಂಡು ಹೋಗಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಖಜಾಂಚಿಗಳು: "ಎಲ್ಲಾ ಸುಸ್ಥಿತಿಯಲ್ಲಿದೆ ಮೇಡಂ! ನಮ್ಮಲ್ಲಿ ಯಾವ ಕೊರತೆಯೂ ಇಲ್ಲ!"

ಯಾವ ಕೊರತೆಯೂ ಇಲ್ಲ. ನೆರವು ಕೇಳಲು ನಿಂತವರು ಆಡುವ ಮಾತೇ ಇದು!

ಹುಡುಗಿ ನನ್ನ ಮುಖ ನೋಡಿದಳು. ಇದು ತೋರಿಕೆ, ಇವೆಲ್ಲ ನಿನ್ನೆ ಬಂದವು, ನಾಳೆ ಹೋಗುತ್ತವೆ — ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹಾಸಿಗೆ ಹಿಡಿದವರ ಕುರ್ಚಿ ಕಿತ್ತುಕೊಂಡು ತಂದು ಜೋಡಿಸಿದ್ದೇನೆ ಎಂದು ಯಾವ ಬಾಯಿಂದ ಹೇಳಲಿ? ನನ್ನ ಬಾಯಿಂದ ಬಂದದ್ದು ಇಷ್ಟು: "ಶಿಸ್ತಿಗೆ ನಾವು ಮೊದಲ ಸ್ಥಾನ ಕೊಡುತ್ತೇವೆ."

"ಕಾಣುತ್ತೆ ಮೇಡಂ," ಎಂದಳು. ಮರ್ಯಾದೆಯಾಗಿಯೇ. ಹೊರಡುವಾಗ ಹೇಳಿದಳು, "ನಮ್ಮ ಹತ್ರ ಇರೋದೂ ಅಷ್ಟಕ್ಕಷ್ಟೆ. ವಯಸ್ಸಾದವರ ಮನೆಗೆ ಊಟ ತಲುಪಿಸೋರು ಒಬ್ರಿದಾರೆ, ಅಡುಗೆಯವರಿಗೆ ಸಂಬಳ ಕೊಡಕ್ಕಾಗ್ದೆ ನಿಲ್ಲಿಸೋ ಹಾಗಾಗಿದೆ. ಅಂಥವರಿಗೆ ಮೊದಲು. ನಿಮಗೆ ಅರ್ಥ ಆಗುತ್ತಲ್ವಾ?"

ಅರ್ಥವಾಯಿತು. ಪೂರ್ಣ ಅಂಕ ಪಡೆದು ಅನುತ್ತೀರ್ಣರಾದೆವು.

ಖಜಾಂಚಿಗಳು ಹಿಂದಿನಿಂದ, "ತುಂಬಾ ಇಂಪ್ರೆಸ್ ಆದ್ರು ಅನ್ಸುತ್ತೆ, ಅಲ್ವಾ ಮೇಡಂ?"

ಸಂಜೆ ಮನೆಗೆ ಬಂದರೆ ತಂಗಿ ಬೆಳಿಗ್ಗೆ ನಾನು ಕೂರಿಸಿ ಹೋದ ಕುರ್ಚಿಯಲ್ಲಿಯೇ ಇದ್ದಳು. ನೀರಿನ ಲೋಟ ಖಾಲಿ. ಬಚ್ಚಲಿಗೆ ಹೋಗಬೇಕಾಗುತ್ತದೆಂದು ಕುಡಿದದ್ದೇ ಒಂದು ಗುಟುಕಂತೆ, ಉಳಿದದ್ದನ್ನು ಕಿಟಕಿಯ ಗಿಡಕ್ಕೆ ಹಾಕಿದಳಂತೆ. ಹಾಸ್ಯ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

"ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿಬಿಡು ಅಕ್ಕಾ."

"ಸಾಧ್ಯವಿಲ್ಲ."

"ಯಾಕೆ?"

"ಸಾಧ್ಯವಿಲ್ಲ ಎಂದರೆ ಸಾಧ್ಯವಿಲ್ಲ."

ಜೂನ್ 18, ಬುಧವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ವಸ್ತುಗಳೆಲ್ಲ ಮರುದಿನವೇ ಹೋದವು. ಅಂಚೆಯವರು ಬರಲಿಲ್ಲ. ಕುರ್ಚಿ ಒಯ್ಯಲು ಪಕ್ಕದ ಮನೆಯವರನ್ನು ಕಳಿಸಿದರು. ಇಂದು ಔಷಧಿ ಅಂಗಡಿಯವರು ಅಳತೆಯ ಟೇಪು ಹಿಡಿದು ಕೋಣೆಗೆ ಬಂದರು. "ನೀವು ನಿಮ್ಮ ಕೆಲಸ ಮಾಡಿ ಮೇಡಂ, ನಾನು ಕಪಾಟಿಗೆ ಸುಮ್ನೆ ಅಳತೆ ತಗೋತೀನಿ." ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ನಾನೇ ಹಿಡಿದೆ. ನಮ್ಮ ಕೋಣೆ ಹೋಗುವುದಕ್ಕೆ ನಾನೇ ತುದಿ ಹಿಡಿದು ನಿಂತಿದ್ದೆ! ಅವರು ಹೊರಟೊಡನೆ ನಿಧಿಗೆ ಫೋನ್ ಮಾಡಿದೆ.

"ಅಂದು ನೀವು ನೋಡಿದ್ದು ನಮ್ಮ ಕೇಂದ್ರವನ್ನಲ್ಲ," ಎಂದೆ.

"ಮತ್ತೆ?"

"ನನ್ನ ಪ್ರದರ್ಶನವನ್ನು." ಹೇಳಿದೆ. ಎಲ್ಲವನ್ನೂ. ಮಂಗಳವಾರಕ್ಕಾಗಿ ಜನರ ಕೈಯಿಂದ, ಅಡಿಯಿಂದ ಎಳೆದು ತರಿಸಿದ್ದನ್ನು. ಬೇರೆ ದಿನ ಕೋಣೆಯಲ್ಲಿ ಏನೂ ಇರುವುದಿಲ್ಲ ಎಂಬುದನ್ನು. ನಗುತ್ತಾಳೆಂದುಕೊಂಡೆ. ನಗಲಿಲ್ಲ.

"ಅವತ್ತು ಅವರೆಲ್ಲ ಏನು ಮಾಡಿದ್ರು ಮೇಡಂ?"

ಕಾಲಂ ಇಲ್ಲದ ಅರ್ಜಿಯವರು ಕೇಳಿದ ಒಂದೇ ಒಂದು ಪ್ರಶ್ನೆ.

"ಮಲಗಿದ್ದರು," ಎಂದೆ.

ಆ ಕಡೆ ಹಾಳೆ ಮಗುಚಿದ ಸದ್ದು. ಆಮೇಲೆ, "ಇನ್ನೊಂದ್ಸಲ ಬರ್ತೀನಿ. ಈ ತಿಂಗಳೊಳಗೇ. ಯಾವತ್ತು ಅಂತ ಹೇಳಲ್ಲ. ಹೇಳಿದ್ರೆ ನೀವು ಮತ್ತೆ ಗುಡಿಸಿಡ್ತೀರಿ."

ನನ್ನ ವಯಸ್ಸಿನ ಅರ್ಧದವಳು! ಆದರೆ ತಪ್ಪು ಹೇಳಲಿಲ್ಲ.

ಜೂನ್ 23, ಸೋಮವಾರ

ಬಂದಿಲ್ಲ. ದಿನವೂ ಇಸ್ತ್ರಿ ಸೀರೆ ಉಟ್ಟು ಹೋಗಿ ಬರುತ್ತಿದ್ದೇನೆ. "ಮದುವೆ ಗಂಡು ಬರೋ ಹಾಗೆ ಕಾಯ್ತಿದೀಯಲ್ಲೇ," ಎಂದು ತಂಗಿ. ಅವಳಿಗೆ ಮತ್ತೆ ಬಾಯಿ ಬಂದಿದೆ. ಅಷ್ಟರಮಟ್ಟಿಗೆ ನೆಮ್ಮದಿ.

ಕೋಣೆಯಲ್ಲಿ ತೋರಿಸಲು ಉಳಿದದ್ದು ಎರಡೇ. ಜೊತೆ ಕಳೆದುಕೊಂಡ ಒಂದು ಊರುಗೋಲು, ನಿನ್ನೆ ಹಿಂದಿರುಗಿದ ಒಂದು ಶೌಚಕುರ್ಚಿ. ಸ್ಪ್ಯಾನರ್ ಅದನ್ನು ತೊಳೆದು ಮುಚ್ಚಳ ಹಾಕಿ ಬಾಗಿಲ ಎದುರಿಗೇ ಇಟ್ಟಿದ್ದಾನೆ. ಒಳಗೆ ಸರಿಸು ಎಂದರೆ, "ಬಿಸಿಲು ತಾಗ್ಲಿ ಮೇಡಂ." ಒಂದು ಹೇಳಿದರೆ ಒಂಬತ್ತು. ಸರಿಸಲು ನಾನೇ ಹೋದೆ. ಆಮೇಲೆ ಬಿಟ್ಟೆ. ಗುಡಿಸಿಡಬಾರದಲ್ಲ.

ಜೂನ್ 27, ಶುಕ್ರವಾರ. ರಾತ್ರಿ ಊಟಕ್ಕೆ ಮುಂಚೆ

ಬಂದಳು. ಬೆಳಿಗ್ಗೆ, ನಾವು ಬಾಗಿಲು ತೆರೆದ ಸ್ವಲ್ಪ ಹೊತ್ತಿಗೇ. ನನ್ನ ಸೀರೆಗೆ ಇಸ್ತ್ರಿ ಇರಲಿಲ್ಲ.

ಕೋಣೆ ಜನರಿಂದ ಕಿಕ್ಕಿರಿದಿತ್ತು. ಆ ಎರಡು ಬಿಟ್ಟರೆ ಕೊಡಲು ವಸ್ತು ಒಂದೂ ಇಲ್ಲ. ಬಸ್ ಡ್ರೈವರ್ ಊರುಗೋಲಿನ ಬುಡದ ರಬ್ಬರು ಸವೆದಿದೆಯೆಂದು ಬಂದಿದ್ದ. ಅಂಚೆಯವರು ಆಸ್ಪತ್ರೆಗೆ ಹೊರಟವರು, ಚಕ್ರ ಗಾಳಿ ಹಿಡಿಯುತ್ತಿಲ್ಲವೆಂದು ಹೆಂಡತಿ ಸಮೇತ ಬಂದಿದ್ದರು. ತಪ್ಪಿಹೋದ ವ್ಯಾಯಾಮಕ್ಕೆ ಇಂದೇ ದಿನ ಸಿಕ್ಕಿತ್ತಂತೆ. ಆಕೆ ನನ್ನನ್ನು ನೋಡಲಿಲ್ಲ. ಸ್ಪ್ಯಾನರ್ ನೆಲಕ್ಕೆ ಕುಳಿತು ಟ್ಯೂಬು ಬಿಚ್ಚಿ ನೀರಿನಲ್ಲಿ ಅದ್ದುತ್ತಿದ್ದ. ತೇಪೆಯ ಮೇಲೆ ತೇಪೆ.

ಹುಡುಗಿಗೆ ಕೂರಲು ಜಾಗವಿಲ್ಲ. ಸ್ಪ್ಯಾನರ್ ತಲೆಯೆತ್ತಿ, "ಕೂತ್ಕೊಳ್ಳಿ ಮೇಡಂ, ತೊಳ್ದಿದೀನಿ," ಎಂದು ಶೌಚಕುರ್ಚಿ ತಳ್ಳಿದ. ನನಗೆ ಭೂಮಿ ಬಾಯಿ ಬಿಡಬಾರದೆ ಎನಿಸಿತು. ಅವಳು ಮುಚ್ಚಳ ಒಮ್ಮೆ ತಟ್ಟಿ ನೋಡಿ, ಕುಳಿತೇ ಬಿಟ್ಟಳು. ಆಗ ಅಂಚೆಯವರ ಹೆಂಡತಿ ನಕ್ಕರು. ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಈಗ ಹೇಳಿ ಮೇಡಂ," ಎಂದಳು ಹುಡುಗಿ. "ಏನು ಬೇಕು?"

ಖಜಾಂಚಿಗಳ ತುಟಿ ಅಲುಗಿತು. ನಾನು ನೋಡಿದೆ. ನಿಂತಿತು.

"ಈ ಕೋಣೆಯ ಬಾಡಿಗೆ," ಎಂದೆ. "ಇವನ ಸಂಬಳ. ಟ್ಯೂಬು, ರಬ್ಬರು, ಬೋಲ್ಟು. ಅಷ್ಟೆ. ಅದಕ್ಕಿಂತ ದೊಡ್ಡ ಹೆಸರು ಅದಕ್ಕಿಲ್ಲ."

"ಇಷ್ಟೇನಾ?" ಎಂದು ಕೇಳಿದವಳು ಅವಳಲ್ಲ, ಅಂಚೆಯವರ ಹೆಂಡತಿ. "ಇಷ್ಟು ಹೇಳೋಕೆ ನನ್ನ ಕುರ್ಚಿ ಯಾಕೆ ಬೇಕಿತ್ತು ಟೀಚರ್?"

"ಬೇಕಿರಲಿಲ್ಲ," ಎಂದೆ. ಎಲ್ಲರೆದುರು. "ತಪ್ಪಾಯಿತು."

ಎಷ್ಟೋ ಮಕ್ಕಳಿಂದ ಈ ಮಾತನ್ನು ಜೋರಾಗಿ, ಸ್ಪಷ್ಟವಾಗಿ ಹೇಳಿಸಿದ್ದೇನೆ. ಇಷ್ಟು ಕಷ್ಟದ್ದೆಂದು ಯಾರೂ ಹೇಳಿರಲಿಲ್ಲ.

ಟೇಪು ಹಿಡಿದು ಬಾಗಿಲಲ್ಲಿ ನಿಂತಿದ್ದ ಔಷಧಿ ಅಂಗಡಿಯವರನ್ನು ಹುಡುಗಿಯೇ ಕರೆದಳು. "ನಮ್ಮ ಕಮಿಟಿ ಸೋಮವಾರ ಸೇರುತ್ತೆ. ಮೂರು ವರ್ಷಕ್ಕೆ ಅಂತ ಬರೀತೀನಿ. ನಾನು ಬರೆದದ್ದನ್ನ ಇದುವರೆಗೂ ಬೇಡ ಅಂದಿಲ್ಲ. ಸೋಮವಾರದವರೆಗೂ ಕಾಯ್ತೀರಾ?"

ಅವರು ಟೇಪನ್ನು ಒಳಕ್ಕೆ ಎಳೆದುಕೊಂಡರು. "ಕಾಯದೆ ಏನ್ಮಾಡ್ಲಿ ಮೇಡಂ, ರೂಮಲ್ಲಿ ಕಾಲಿಡಕ್ಕೇ ಜಾಗ ಇಲ್ವಲ್ಲ."

ಭೇಟಿಯ ವರದಿ ಯಾವಾಗ ಕಳಿಸಲಿ ಎಂದು ಹುಡುಗಿಯನ್ನು ಕೇಳಿದೆ. ವರದಿಯೇ ಬೇಡವಂತೆ! ಏನು ಜನವೋ. ವರದಿಯಿಲ್ಲದ ಭೇಟಿ ಉಂಟೆ? ಬೇಡವಾದರೆ ಬಿಡಲಿ, ನಾನು ಇಲ್ಲಿಯೇ ಬರೆದಿಡುತ್ತೇನೆ.

ಹಾಜರಿದ್ದವರು: ಸಮುದಾಯ ನಿಧಿಯ ಪ್ರತಿನಿಧಿ, ಶೌಚಕುರ್ಚಿಯಲ್ಲಿ. ಖಜಾಂಚಿಗಳು, ಮೌನವಾಗಿ. ಸ್ಪ್ಯಾನರ್, ನೆಲದ ಮೇಲೆ. ಬಸ್ ಡ್ರೈವರ್, ಒಂದು ಕಾಲಿನ ಮೇಲೆ. ಔಷಧಿ ಅಂಗಡಿಯವರು, ಬಾಗಿಲಲ್ಲಿ. ಅಂಚೆಯವರು, ಪಂಪು ಒತ್ತುತ್ತ. ನಾನು, ನಿಂತು. ಅಂಚೆಯವರ ಹೆಂಡತಿ, ಗಾಲಿಕುರ್ಚಿಯಲ್ಲಿ, ತಾವಾಗಿಯೇ ಕೈಚಾಚಿ ತೆಗೆದುಕೊಂಡ ನನ್ನ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, ಏಕೆಂದರೆ ಅದನ್ನು ಇಡಲು ಆ ಕೋಣೆಯಲ್ಲಿ ಬೇರೆ ಜಾಗವಿರಲಿಲ್ಲ.