ಹೆಸರಿನ ಮೇಲೆ ಒತ್ತಿ ಹಿಡಿದರೆ

ಶ್ರೀರಂಗಪಟ್ಟಣ
೧೨ ಫೆಬ್ರುವರಿ ೨೦೨೫

ಪ್ರೀತಿಯ ಗಿರೀಶ್ ಅವರಿಗೆ,

‘ಪ್ರೀತಿಯ’ ಎಂದು ಅಭ್ಯಾಸಬಲದಿಂದ ಬರೆದುಬಿಟ್ಟೆ, ಇರಲಿ. ನೀವು ಫೋನ್ ಎತ್ತುವುದಿಲ್ಲ, ಮೆಸೇಜು ಓದಿ ಸುಮ್ಮನಾಗುತ್ತೀರಿ. ಕಾಗದವನ್ನಾದರೂ ನಾಗಮಂಗಲದ ಆ ರೂಮಿನಲ್ಲಿ ಯಾರಾದರೂ ನಿಮ್ಮ ಕೈಗೆ ಕೊಟ್ಟಾರು. ಹೆದರಬೇಡಿ, ಇದು ಪಾಂಡವಪುರದ ಮಾವನ ಆಲೆಮನೆಗೆಂದು ನಾವಿಬ್ಬರೂ ಕಟ್ಟಿದ ಆ್ಯಪಿನ ವಿಷಯ.

ಹಳೆಯ ಫ್ರೇಮ್‌ವರ್ಕಿನಲ್ಲಿ ನೀವು ಬರೆದ ಸ್ಕ್ರೀನುಗಳು ಹೊಸ ಫೋನುಗಳಲ್ಲಿ ತಾವಾಗಿಯೇ ಮುಚ್ಚಿಕೊಳ್ಳುತ್ತಿವೆ. ನೀವೇ ಹೇಳಿಕೊಟ್ಟ ಹಾಗೆ ಒಂದೊಂದನ್ನೇ ಹೊಸದಕ್ಕೆ ಬದಲಾಯಿಸುತ್ತಾ ಬಂದೆ. ಒಂದೇ ಸಲ ಎಲ್ಲ ಕೆಡವಬಾರದು, ಹಳೆಯದೂ ಹೊಸದೂ ಒಟ್ಟಿಗೆ ನಡೆಯಬೇಕು, ಬಳಸುವವರಿಗೆ ಗೊತ್ತೇ ಆಗಬಾರದು ಅಂದಿದ್ದಿರಿ. ನೀವು ಮನೆ ಬಿಟ್ಟದ್ದೂ ಹಾಗೆಯೇ. ಮೊದಲು ಅಂಗಿಗಳು, ಆಮೇಲೆ ಪುಸ್ತಕ, ಆಮೇಲೆ ಮೇಜು. ಒಂದು ಜಗಳವಾದರೂ ಆಡಿ ಹೋಗಿದ್ದರೆ ನನಗೆ ಅಳುವುದಕ್ಕೆ ಒಂದು ದಿನ ಸಿಗುತ್ತಿತ್ತು.

ಕೊನೆಗೆ ಉಳಿದದ್ದು ಗಾಣದ ಸರದಿಯ ಸ್ಕ್ರೀನು. ಯಾರ ಕಬ್ಬು ಮೊದಲು, ಯಾರದ್ದು ಆಮೇಲೆ ಎಂದು ಪಾಂಡವಪುರದ ಸುತ್ತಿನವರೆಲ್ಲ ನೋಡುವುದು ಅದನ್ನೇ. ಕಳೆದ ವಾರ ಅದನ್ನೂ ಬದಲಾಯಿಸಿದೆ. ಅದರ ಬೆನ್ನಿಗೇ, ಪ್ರತಿ ವರ್ಷ ನಮ್ಮಲ್ಲೇ ಕಬ್ಬು ಅರೆಸುವ ದೊಡ್ಡತಾಯಮ್ಮನ ಗಂಡ ತೀರಿಕೊಂಡರು. ಕಡಿದ ಕಬ್ಬು ಗದ್ದೆಯಲ್ಲೇ ಬಿದ್ದಿತ್ತು. ಸಾವಾದ ಮನೆಯ ಕಬ್ಬನ್ನು ಮೊದಲು ಅರೆದುಕೊಡುವುದು ನಮ್ಮ ಆಲೆಮನೆಯ ಪದ್ಧತಿಯಲ್ಲವೇ? ಹೆಸರಿನ ಮೇಲೆ ಒತ್ತಿ ಹಿಡಿದರೆ ಅದು ಎಲ್ಲರಿಗಿಂತ ಮೇಲೆ ಹೋಗುವ ಹಾಗೆ ನೀವು ಮಾಡಿಟ್ಟಿದ್ದಿರಂತೆ, ನನಗೆ ಮಾತ್ರ ಒಂದು ಮಾತು ಹೇಳಲಿಲ್ಲ. ಮಾವ ಒತ್ತಿ ಹಿಡಿದರು, ಹೆಸರು ಅಲ್ಲಾಡಲಿಲ್ಲ. ಕೆ.ಆರ್. ಪೇಟೆ ಕಡೆಯಿಂದ ಟ್ರಾಕ್ಟರು ತುಂಬಿಕೊಂಡು ಬಂದವರು “ಫೋನಲ್ಲಿ ನಮ್ದೇ ಮುಂದೈತೆ, ನಾವ್ಯಾಕ್ ಕಾಯ್ಬೇಕು” ಅಂದರಂತೆ. ಆಕೆಯ ಕಬ್ಬು ಬಿಸಿಲಿಗೆ ಒಣಗಿತು, ರಸ ಅರ್ಧಕ್ಕರ್ಧ ಇಳಿಯಲಿಲ್ಲ. ದೊಡ್ಡತಾಯಮ್ಮ ನನ್ನನ್ನು ಬೈಯಲೂ ಇಲ್ಲ, “ನೀನೇನ್ ಮಾಡೀಯೆ ಬುಡವ್ವ” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಹೊಸ ಸ್ಕ್ರೀನಿನಲ್ಲೂ ಆ ಒತ್ತಿ ಹಿಡಿಯುವುದನ್ನು ಬರೆಯಲು ಕೂತೆ. ಒಂದು ಹೆಸರು ಮೇಲೆ ಹೋದರೆ ಸರದಿಯಲ್ಲಿ ಅದರ ಕೆಳಗಿರುವವರ ಹೊತ್ತೆಲ್ಲ ಕಲಸುಮೇಲೋಗರ. ನಿಮ್ಮ ಲೆಕ್ಕ ನನಗೆ ಹತ್ತುತ್ತಿಲ್ಲ. ಇವತ್ತು ಬೆಳಿಗ್ಗೆ ಹಳೆಯ ಸ್ಕ್ರೀನನ್ನೇ ವಾಪಸು ಹಾಕಿದ್ದೇನೆ. ಇಟ್ಟರೆ ಹೊಸ ಫೋನಿನವರಿಗೆ ತೆರೆಯುವುದಿಲ್ಲ, ತೆಗೆದರೆ ಪದ್ಧತಿ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ನನ್ನ ಕೈಲಿ ಆಗುತ್ತಿಲ್ಲ ರೀ.

ನಮ್ಮ ವಿಷಯ ಪಾಂಡವಪುರದಲ್ಲಿ ಇನ್ನೂ ಹೇಳಿಲ್ಲ. ಪ್ರತಿ ಭಾನುವಾರ ಹೋಗುತ್ತೇನೆ, ನಿಮಗೆ ವಿಪರೀತ ಕೆಲಸ ಎನ್ನುತ್ತೇನೆ, ಅತ್ತೆ ನಿಮ್ಮ ಪಾಲಿನ ಬೆಲ್ಲವನ್ನೂ ಕಟ್ಟಿ ಕೊಡುತ್ತಾರೆ. ಇಬ್ಬರೂ ನಂಬಿದ್ದಾರೆ. ಒಮ್ಮೆ ಬಂದು ಆ ಕೋಡನ್ನಾದರೂ ಹೇಳಿಕೊಡಿ. ಬೇರೇನೂ ಕೇಳುವುದಿಲ್ಲ.

ನಿಮ್ಮ
ಉಮ

ಮತ್ತೆ: ಕಾಗದ ಮಡಚುವ ಮುಂಚೆ, ಹಳೆಯ ಸ್ಕ್ರೀನು ಸರಿಯಾಗಿದೆಯೋ ಎಂದು ತೆರೆದು ನೋಡಿದೆ. ಎಲ್ಲರಿಗಿಂತ ಮೇಲೆ ನಮ್ಮಿಬ್ಬರ ಹೆಸರಿದೆ, ಕಾಲುವೆ ಪಕ್ಕದ ನಮ್ಮ ತುಂಡು ಜಮೀನಿನ ಕಬ್ಬಿಗೆ. ಬೆರಳು ತಪ್ಪಿ ತಾಗಿರಬೇಕೆಂದು ಮಾವನಿಗೆ ಫೋನ್ ಮಾಡಿದೆ. “ತಪ್ಪಿಲ್ಲ ಕಣವ್ವ, ನಾನೇ ಒತ್ತಿದ್ದು. ನಿಮ್ಮನೇದು ಸಾವಲ್ದೆ ಇನ್ನೇನು? ನೀವು ಬಾಯ್ ಬುಡ್ಲಿಲ್ಲ, ನಾವು ಕೇಳ್ಲಿಲ್ಲ” ಅಂದರು. ಭಾನುವಾರ ಅರೆಯುತ್ತಾರಂತೆ. ಗಾಣದ ಹತ್ತಿರ ಮನೆಯವರೊಬ್ಬರು ನಿಲ್ಲಬೇಕು. ನಾನು ಯಾರೆಂದು ನಿಲ್ಲಲಿ?