ದೋಣಿಗೆ ಬೆಂಕಿಯಿಟ್ಟವನಿಗೆ ಕಾಯ್ದೆ ಗೊತ್ತಿತ್ತು

ಗದಗ, ಫೆಬ್ರವರಿ ೩೦, ೨೧೮೭

ಹಿಂದಿನ ಕಾಲದ ಬಂಧುಗಳೇ,

ತಾರೀಖು ಕಂಡು ನಗಬೇಡಿ. ನಾವು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ದ್ವೇಷದಿಂದ ಎಸಗುವ ಅಪರಾಧಕ್ಕೆ ಹೆಚ್ಚಿನ ಶಿಕ್ಷೆಯ ಕಾಯ್ದೆ ತಂದರೆ ಅಂಥವು ನಿಲ್ಲುತ್ತವೆಯೇ ಎಂದು ನೀವು ವಾದಿಸಿದ್ದನ್ನು ಓದಿದೆ. ನಮ್ಮಲ್ಲಿ ಆ ಕಾಯ್ದೆ ಇದೆ, ನಮಗಾದದ್ದನ್ನು ಹೇಳುತ್ತೇನೆ.

ನಾನು ಮಾಲಿನಿ ಖಾರ್ವಿ. ಕಡಲೇರಿ ನಮ್ಮೂರು ಮುಳುಗಿದ ಮೇಲೆ ಅಜ್ಜ ದೋಣಿಯನ್ನು ಲಾರಿಯಲ್ಲಿ ಹೇರಿಕೊಂಡು ಇಲ್ಲಿಗೆ ಬಂದ. ಹಾಗೆ ಬಂದವರನ್ನು ಇಲ್ಲಿನವರು ‘ಉಪ್ಪುಗಾಲಿನವರು’ ಎನ್ನುತ್ತಿದ್ದರು, ಅದು ಬೈಗುಳ. ನಾನು ಆ ದೋಣಿಯನ್ನೇ ಮಗುಚಿ ಚಾವಣಿ ಮಾಡಿ ಖಾನಾವಳಿ ನಡೆಸುತ್ತಿದ್ದೆ. ಮಗಳು ಶಾಲ್ಮಲಾಳ ಮದುವೆ ಅಲ್ಲೇ ಆಗಬೇಕಿತ್ತು. ವರ ಗದಗಿನವನು. ಅದನ್ನು ಸಹಿಸದೆ ನಮ್ಮ ಓಣಿಯ ಕೊಟ್ರೇಶ ಮದುವೆಯ ವಾರದಲ್ಲೇ, ಹಾಡುಹಗಲು, ದೋಣಿಗೆ ಬೆಂಕಿಯಿಟ್ಟ.

ಮರುದಿನವೇ ವಿಚಾರಣೆ. ಕಾಯ್ದೆ ಗೊತ್ತಿರಲಿಲ್ಲವೇ ಎಂದು ನ್ಯಾಯಾಧೀಶೆ ಕೇಳಿದರು.

“ಗೊತ್ತಿತ್ರೀ,” ಎಂದ ಕೊಟ್ರೇಶ. “ಸಿಟ್ಟು ಬಂದಾಗ ಕಾಯ್ದೆ ಯಾರು ನೆನಸ್ತಾರ್ರೀ?”

ಆ ಕಾಯ್ದೆಯನ್ನು ನಂಬಿಯೇ ನಾನು ನೆಮ್ಮದಿಯಾಗಿ ಮಲಗುತ್ತಿದ್ದೆ.

ಆದರೆ ನಮ್ಮ ಕಾಯ್ದೆಯಲ್ಲಿ ‘ನೆರೆಸಾಕ್ಷಿ’ ಎಂಬುದೊಂದಿದೆ: ಓಣಿಯವರೆಲ್ಲ ಬಂದು ತಾವು ಕಂಡದ್ದನ್ನೂ ಮಾಡಿದ್ದನ್ನೂ ಹೇಳಬೇಕು. ಪಕ್ಕದ ಮನೆಯಲ್ಲಿ ರೊಟ್ಟಿ ಮಾರುವ ನೀಲವ್ವ ಮೊದಲು ಎದ್ದಳು. “ಇದು ಅವಂದೊಂದ ತಪ್ಪಲ್ರೀ. ಅವ ಉಪ್ಪುಗಾಲು ಅಂದಾಗೆಲ್ಲ ನಾವೂ ನಕ್ಕೇವಿ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಮದುವಿ ಓಣ್ಯಾಗ ಮಾಡೂಣು ಬಾರವಾ. ರೊಟ್ಟಿ ನಂದು,” ಎಂದಳು.

ಓಣಿಯ ತುಂಬ ಚಪ್ಪರವೆದ್ದಿತು. ನಾವು ಮೀನು ಹುರಿದೆವು. ನೀಲವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡೇ ರೊಟ್ಟಿ ಬಡಿದಳು. ನಮ್ಮ ಗುಮಟೆಗೆ ಅವರ ಡೊಳ್ಳು ಜೊತೆಯಾಯಿತು. ತಾಳ ಕೂಡಲಿಲ್ಲ, ಕುಣಿಯುವವರು ನಿಲ್ಲಲಿಲ್ಲ. ಕೊಟ್ರೇಶನ ತಾಯಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಮದುಮಗಳೇ ಹೋಗಿ ಕೈಹಿಡಿದು ಕರೆತಂದು ಪಂಕ್ತಿಯಲ್ಲಿ ಕೂರಿಸಿದಳು.

ಕೊಟ್ರೇಶ ಶಿಕ್ಷೆ ಮುಗಿಸಿ ಬಂದಿದ್ದಾನೆ, ತಲೆತಗ್ಗಿಸಿ ನಮಸ್ಕಾರ ಹೇಳುತ್ತಾನೆ. ಆಮೇಲೆ ನಮ್ಮ ಓಣಿಯಲ್ಲಿ ಯಾರೂ ಕೈಯೆತ್ತಿಲ್ಲ. ಕಾಯ್ದೆಗೆ ಹೆದರಿಯೋ ನೀಲವ್ವನಿಗೆ ಹೆದರಿಯೋ, ನಾನರಿಯೆ. ನೀವು ಕಾಯ್ದೆ ತನ್ನಿ. ತಂದ ಮೇಲೆ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಡಿ, ಅಷ್ಟೇ ನನ್ನ ಕೋರಿಕೆ.

ಇವತ್ತು ಮೊಮ್ಮಗಳ ನಾಮಕರಣ. ಕಡಲಿನ ಹೆಸರೇ ಬೇಕೆಂದು ಬೀಗರು, ಬಯಲುಸೀಮೆಯ ಹೆಸರೇ ಇರಲೆಂದು ನಾನು. ಬೆಳಗಿನಿಂದ ಜಗಳ ಹತ್ತಿದೆ. ಕರೆಯುತ್ತಿದ್ದಾರೆ, ಬರುತ್ತೇನೆ.

ನಿಮ್ಮ ಮಾಲಿನಿ