ಸಣ್ಣಕ್ಷರದ ಕಾಗದ

ರೀ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಿದ್ದಾಳೆಂದು ನಗಬೇಡಿ. ಬಚ್ಚಲಿನ ನಲ್ಲಿ ಸೋರುತ್ತಿದೆ, ಸಂಜೆ ವಾಷರ್ ತನ್ನಿ. ಕಣ್ಣಿಗೆ ಆ ವಿಆರ್ ಹೆಡ್‌ಸೆಟ್ ಕಟ್ಟಿಕೊಂಡು, ಇನ್ನೂ ಕಟ್ಟದ ಮನೆಗಳೊಳಗೆ ದಿನವಿಡೀ ಓಡಾಡುವ ನಿಮಗೆ ಆ ಸದ್ದು ಕೇಳಿಸಿರಲಾರದು. ಮನೆಯ ನಕ್ಷೆ ಮಾಡುವವರಿಗೆ ಅದೇ ಕೆಲಸ, ಬೇಡವೆನ್ನುವುದಿಲ್ಲ.

ನಾನು ಚಹಾ ತಂದಾಗ ಹೆಡ್‌ಸೆಟ್‌ನ ಪಕ್ಕಕ್ಕೆ ಎರಡು ಸಲ ತಟ್ಟುತ್ತೀರಿ. ಆಗ ಅದರ ಕ್ಯಾಮೆರಾದಲ್ಲಿ ನಿಮಗೆ ನಮ್ಮ ಕೋಣೆ ಕಾಣಿಸುತ್ತದೆ, ನಾನೂ ಕಾಣಿಸುತ್ತೇನೆ. "ಕಾಣಿಸ್ತಿದ್ದೀಯಲ್ಲೇ, ಇನ್ನೇನು ಬೇಕು?" ಅನ್ನುತ್ತೀರಿ. ನನಗೆ ಮಾತ್ರ ನಿಮ್ಮ ಕಣ್ಣು ಕಾಣಿಸುವುದಿಲ್ಲ. ಆ ಕರಿ ಗಾಜಿನಲ್ಲಿ ನನ್ನದೇ ಮುಖ.

ನಿನ್ನೆ ನೀವು ಮುಖ ತೊಳೆಯುತ್ತಿದ್ದಾಗ ಕರೆದೆ. ಹೆಡ್‌ಸೆಟ್ ಇರಲಿಲ್ಲ. ಆದರೂ ಒದ್ದೆ ಕೈಯಿಂದ ಕಿವಿಯ ಹತ್ತಿರ ಎರಡು ಸಲ ತಟ್ಟಿಕೊಂಡೇ ನನ್ನ ಕಡೆ ತಿರುಗಿದಿರಿ. ನಗು ಬಂತು. ಆಮೇಲೆ ಅಡುಗೆಮನೆಗೆ ಹೋಗಿ ಪೆನ್ಸಿಲ್ ಹುಡುಕಿದೆ.

ಇದನ್ನು ಪೆನ್ಸಿಲಿನಲ್ಲಿ, ಇರುವೆ ಸಾಲಿನಂತೆ ಬರೆದಿದ್ದೇನೆ. ಆ ಕ್ಯಾಮೆರಾದಲ್ಲಿ ಸಣ್ಣಕ್ಷರ ಮಸುಕಾಗುತ್ತದೆಂದು ನೀವೇ ಹೇಳಿದ್ದಿರಿ. ಈಗ ಓದುತ್ತಿದ್ದೀರೆಂದರೆ ಹೆಡ್‌ಸೆಟ್ ತೆಗೆದಿಟ್ಟಿದ್ದೀರಿ. ಮತ್ತೆ ಹಾಕಿಕೊಳ್ಳುವ ಮೊದಲು ಒಮ್ಮೆ ತಲೆಯೆತ್ತಿ. ಬಾಗಿಲಲ್ಲೇ ನಿಂತಿದ್ದೇನೆ.

ನಿಮ್ಮವಳು